ದೋರ್ವ್ ಲಂಗರು ಎತ್ತದೇ ಇದ್ದಿದ್ದರೆ

ನಮಸ್ಕಾರ.

ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯನ್ನು ನಿಮ್ಮಲ್ಲಿ ತುಂಬ ಜನ ನೋಡಿರುತ್ತೀರಿ. ಅದರ ಪಶ್ಚಿಮದ ಗೋಡೆ ಮೇಲೆ ಪೊಳ್ಳಿಲೂರು ಯುದ್ಧದ ಚಿತ್ರ ಇದೆ. 1780ರ ಸೆಪ್ಟೆಂಬರ್ 10ರಂದು ಹೈದರಾಲಿಯ ಸೈನ್ಯ ಬ್ರಿಟಿಷರನ್ನು ಸೋಲಿಸಿದ ಯುದ್ಧ ಅದು. ಬ್ರಿಟಿಷರ ಕರ್ನಲ್ ಬೇಯ್ಲಿ ಪಲ್ಲಕ್ಕಿಯಲ್ಲಿ ಕೂತು ಬೆರಳು ಕಚ್ಚುತ್ತಿದ್ದಾನೆ. ಹೈದರನ ಕಡೆಯ ಫ್ರೆಂಚ್ ಅಧಿಕಾರಿ ಲ್ಯಾಲಿ ದುರ್ಬೀನು ಹಿಡಿದಿದ್ದಾನೆ. ಆನೆ, ಕುದುರೆ, ತೋಪು, ಹೊಗೆ, ಎಲ್ಲ ಇದೆ. ಸಮುದ್ರ ಮಾತ್ರ ಇಲ್ಲ. ಅರಮನೆಯ ಹೆಸರಿನ ಅರ್ಥ ನೋಡಿದರೆ ಸಮುದ್ರದ ಸಿರಿ!

ಚಿತ್ರ ಬರೆದವರ ತಪ್ಪೇನಿಲ್ಲ. ಪೊಳ್ಳಿಲೂರು ಇರುವುದು ಕಂಚಿಯ ಹತ್ತಿರ, ಒಳನಾಡಿನಲ್ಲಿ. ಆದರೆ ಆ ಯುದ್ಧ ಆಗಿ ಐದು ತಿಂಗಳಿಗೆ, ಹೈದರಾಲಿಯ ಕೈಗೆ ಇನ್ನೂ ದೊಡ್ಡ ಗೆಲುವೊಂದು ಬಂದಿತ್ತು. ಬಾಯಿಯವರೆಗೂ ಬಂದಿತ್ತು ಅನ್ನಿ. ಅದು ತಪ್ಪಿದ್ದು ಸಮುದ್ರದ ಮೇಲೆ. ದೋರ್ವ್ ಅನ್ನುವ ಫ್ರೆಂಚ್ ನೌಕಾಧಿಕಾರಿ ಲಂಗರು ಎತ್ತಿಕೊಂಡು ಹೋಗಿಬಿಟ್ಟ. ಅವನು ಹೋಗದೇ ಇದ್ದಿದ್ದರೆ ಏನಾಗುತ್ತಿತ್ತು ಅನ್ನುವುದೇ ಇವತ್ತಿನ ಮಾತು.

ಬೇಯ್ಲಿಯ ಸೋಲಿನ ಸುದ್ದಿ ಬಂಗಾಳಕ್ಕೆ ಮುಟ್ಟಿತು. ಅಲ್ಲಿಂದ ಸರ್ ಐರ್ ಕೂಟ್ ಹಣ, ಸೈನಿಕರ ಸಮೇತ ಮದರಾಸಿಗೆ ಬಂದ. 1760ರಲ್ಲಿ ವಾಂಡಿವಾಶ್ ಯುದ್ಧದಲ್ಲಿ ಫ್ರೆಂಚರನ್ನು ಗೆದ್ದ ಹಳೇ ಹುಲಿ. ಆದರೆ ಮದರಾಸಿನ ಸುತ್ತ ಹೈದರ್ ಊರೂರುಗಳನ್ನೇ ಬರಿದು ಮಾಡಿಬಿಟ್ಟಿದ್ದ. ಕಾಳಿಲ್ಲ, ಹುಲ್ಲಿಲ್ಲ, ಎತ್ತಿಲ್ಲ. ಆಗಿನ ಸೈನ್ಯಕ್ಕೆ ಎತ್ತೇ ಲಾರಿ, ಎತ್ತೇ ರೈಲು. ಎತ್ತಿಲ್ಲದ ಸೇನಾಪತಿ ಎಷ್ಟು ಶೂರನಾದರೂ ಕೂತಲ್ಲೇ ಕೂರಬೇಕು. ಹಾಗಾಗಿ ಕೂಟ್ ಒಂದು ಉಪಾಯ ಮಾಡಿದ. ಕಡಲ ದಂಡೆ ಹಿಡಿದೇ ನಡೆಯುವುದು, ಅಕ್ಕಿಯನ್ನು ಹಡಗಿನಲ್ಲಿ ತರಿಸಿಕೊಳ್ಳುವುದು. 1781ರ ಜನವರಿಯಲ್ಲಿ ಹೊರಟು ಫೆಬ್ರವರಿಯಲ್ಲಿ ಕಡಲೂರು ಸೇರಿದ.

ಉಪಾಯ ಚೆನ್ನಾಗಿಯೇ ಇತ್ತು. ಆದರೆ ಸಮುದ್ರ ನಮ್ಮದು ಅನ್ನುವ ನಂಬಿಕೆ ಮೇಲೆ ನಿಂತಿತ್ತು. ಅದೇ ಹೊತ್ತಿಗೆ, ಬ್ರಿಟಿಷರ ಜೊತೆ ಆಗ ಯುದ್ಧದಲ್ಲಿದ್ದ ಫ್ರೆಂಚರ ಆರು ಯುದ್ಧನೌಕೆಗಳು ಮಾರಿಷಸ್‌ನಿಂದ ಬಂದು ಆ ಕರಾವಳಿಯಲ್ಲಿ ಕಾಣಿಸಿಕೊಂಡವು. ಅವುಗಳ ನಾಯಕ ದೋರ್ವ್.

ಇಲ್ಲಿ ಸ್ವಲ್ಪ ನಿಲ್ಲೋಣ. ಬ್ರಿಟಿಷ್ ನೌಕಾಪಡೆ ಎಲ್ಲಿತ್ತು? ಅದರ ಅಡ್ಮಿರಲ್ ಹ್ಯೂಸ್ ಮುಂಬಯಿ ಕಡೆ ಇದ್ದ. ಕಾರಣ ಮಳೆ, ಗಾಳಿ. ಚೋಳಮಂಡಲ ಕರಾವಳಿಯಲ್ಲಿ ಒಳ್ಳೆಯ ಬಂದರೇ ಇರಲಿಲ್ಲ. ಮದರಾಸಿನಲ್ಲಿ ಇಲ್ಲ, ಪುದುಚೇರಿಯಲ್ಲಿ ಇಲ್ಲ, ಕಡಲೂರಿನಲ್ಲೂ ಇಲ್ಲ. ಹಡಗು ದೂರದಲ್ಲಿ ಲಂಗರು ಹಾಕಬೇಕು. ಸಾಮಾನನ್ನು ಮಸೂಲ ದೋಣಿಯಲ್ಲಿ ದಡಕ್ಕೆ ತರಬೇಕು. ಆ ದೋಣಿಗೆ ಮೊಳೆ ಹೊಡೆಯುವುದಿಲ್ಲ, ತೆಂಗಿನ ನಾರಿನ ಹಗ್ಗದಿಂದ ಹಲಗೆ ಹೊಲಿದಿರುತ್ತಾರೆ. ಅಲೆ ಬಡಿದರೆ ಮುರಿಯದೆ ಬಳುಕಲಿ ಅಂತ. ಅಕ್ಟೋಬರ್‌ನಲ್ಲಿ ಹಿಂಗಾರಿನ ಬಿರುಗಾಳಿ ಶುರುವಾದರೆ ದೊಡ್ಡ ಹಡಗುಗಳು ಅಲ್ಲಿ ನಿಲ್ಲುವಂತೆಯೇ ಇಲ್ಲ. ಹ್ಯೂಸ್ ಪಶ್ಚಿಮಕ್ಕೆ ಹೋದ. ಹೋದವನು ಸುಮ್ನೆ ಕೂರಲಿಲ್ಲ. ಡಿಸೆಂಬರ್‌ನಲ್ಲಿ ಮಂಗಳೂರಿಗೆ ನುಗ್ಗಿ ಅಲ್ಲಿದ್ದ ಹೈದರನ ಹಡಗುಗಳನ್ನು ನಾಶ ಮಾಡಿದ. ಹೈದರ್ ವರ್ಷಗಟ್ಟಲೆ ಕಟ್ಟಿಸಿದ್ದ ಹಡಗುಗಳು ಅವು.

ಆ ಹಡಗುಗಳು ಉಳಿದಿದ್ದರೆ ಅಂತ ಕೆಲವರು ಕೇಳುತ್ತಾರೆ. ನನಗೆ ಅದರಲ್ಲಿ ಅಷ್ಟು ಹುರುಪಿಲ್ಲ. ಅವು ಇದ್ದದ್ದು ಪಡುಗಡಲಿನಲ್ಲಿ, ಯುದ್ಧ ನಡೆದದ್ದು ಮೂಡುಗಡಲಿನಲ್ಲಿ. ನಡುವೆ ಇಡೀ ಸಿಂಹಳ ಸುತ್ತಬೇಕು. ಅದೂ ಅಲ್ಲದೆ 1768ರಲ್ಲಿ ಹೈದರನ ಹಡಗುಗಳ ನಾಯಕರೇ ಬ್ರಿಟಿಷರ ಕಡೆ ಹೋಗಿಬಿಟ್ಟಿದ್ದರು. ಹಡಗು ಕಟ್ಟಿಸಬಹುದು, ಹಡಗಿನವರನ್ನು ಕಟ್ಟಿಕೊಳ್ಳುವುದು ಕಷ್ಟ.

ನನ್ನನ್ನು ಕಾಡುವುದು ದೋರ್ವ್.

ಫೆಬ್ರವರಿಯ ಕಡಲೂರನ್ನು ಕಣ್ಣ ಮುಂದೆ ತಂದುಕೊಳ್ಳಿ. ಊರೊಳಗೆ ಕೂಟ್. ಹೊರಗೆ ಹೈದರ್, ಅವನ ಕುದುರೆ ಪಡೆ ದಾರಿಗಳನ್ನೆಲ್ಲ ಮುಚ್ಚಿದೆ. ಕೂಟ್ ಹತ್ತಿರ ಎಂಟು ಸಾವಿರದ ಆಸುಪಾಸು ಸೈನಿಕರು. ಒಬ್ಬರಿಗೆ ದಿನಕ್ಕೆ ಮುಕ್ಕಾಲು ಕೆಜಿ ಅಕ್ಕಿ ಅಂತ ಇಟ್ಟುಕೊಳ್ಳಿ. ಇದು ನನ್ನ ಲೆಕ್ಕ, ದಾಖಲೆಯದ್ದಲ್ಲ. ದಿನಕ್ಕೆ 6 ಟನ್ ಆಯಿತು. ಒಂದು ಎತ್ತು 75 ಕೆಜಿ ಹೊರುತ್ತೆ ಅಂದರೂ ದಿನಕ್ಕೆ 80 ಎತ್ತಿನ ಹೊರೆ. ಸೈನ್ಯದ ಬೆನ್ನಿಗೆ ಬರುವ ಅಡುಗೆಯವರು, ಹೆಂಗಸರು, ಮಕ್ಕಳು, ಸೇವಕರನ್ನು ಇನ್ನೂ ಸೇರಿಸಿಲ್ಲ. ಅವರ ಸಂಖ್ಯೆ ಯಾವಾಗಲೂ ಸೈನಿಕರಿಗಿಂತ ಜಾಸ್ತಿ. ಆ ಎತ್ತುಗಳಿಗೂ ಮೇವು ಬೇಕಲ್ವಾ? ಇಷ್ಟೂ ಬರಬೇಕಾದದ್ದು ಸಮುದ್ರದಿಂದ. ಸಮುದ್ರದ ಮೇಲೆ ದೋರ್ವ್.

ಇಲ್ಲೇ ಇರು ಅಂತ ಹೈದರ್ ಕೇಳಿಕೊಂಡ. ನೆಲದಲ್ಲಿ ನಾನು ಬಾಗಿಲು ಹಾಕಿದ್ದೇನೆ, ನೀರಿನ ಬಾಗಿಲು ನೀನು ಹಾಕು, ಅಷ್ಟೇ ಅವನ ಕೇಳಿಕೆ. ದೋರ್ವ್ ಒಪ್ಪಲಿಲ್ಲ. ಫೆಬ್ರವರಿ ಮಧ್ಯದ ಹೊತ್ತಿಗೆ ಮಾರಿಷಸ್ ಕಡೆ ಹಾಯಿ ಬಿಚ್ಚಿದ. ಅವನ ಮನೆ ದೂರ, ರಿಪೇರಿಗೆ ಜಾಗ ಇಲ್ಲ, ದಡದಲ್ಲಿ ದೋಣಿಯೂ ಇಲ್ಲ. ಪುದುಚೇರಿಯ ದೋಣಿಗಳನ್ನು ಕೂಟ್ ಮೊದಲೇ ನಾಶ ಮಾಡಿಸಿದ್ದ. ಮುದುಕ ಜಾಣ! ಹಡಗು ಕಳೆದುಕೊಂಡವನನ್ನು ದೊರೆಗಳು ಕ್ಷಮಿಸುವುದಿಲ್ಲ, ಅವಕಾಶ ಕಳೆದುಕೊಂಡವನನ್ನು ಕ್ಷಮಿಸುತ್ತಾರೆ. ದೋರ್ವ್ ಹಡಗು ಉಳಿಸಿಕೊಂಡ.

ಈಗ ಅವನನ್ನು ಎರಡು ತಿಂಗಳು ಅಲ್ಲೇ ನಿಲ್ಲಿಸೋಣ. ಬ್ರಿಟಿಷ್ ನೌಕಾಪಡೆ ವಾಪಸ್ ಬಂದದ್ದು ಜೂನ್ ವೇಳೆಗೆ. ಅಲ್ಲಿಯವರೆಗೆ ಅವನನ್ನು ಓಡಿಸುವವರೇ ಇಲ್ಲ. ಅಕ್ಕಿ ಹಡಗುಗಳು ಬರುವುದು ನಿಲ್ಲುತ್ತಿತ್ತು. ಮಾರ್ಚ್ ಮುಗಿಯುವಷ್ಟರಲ್ಲಿ ಕೂಟ್ ಎದುರು ಎರಡೇ ದಾರಿ. ಒಂದೋ ಶರಣಾಗಬೇಕು, ಇಲ್ಲವೇ ಹಸಿದ ಸೈನ್ಯವನ್ನು ಕಟ್ಟಿಕೊಂಡು ಮದರಾಸಿಗೆ ನಡೆಯಬೇಕು. ನಡೆದರೆ ತೋಪು ಎಳೆಯಲು ಎತ್ತಿಲ್ಲ, ಎರಡೂ ಬದಿಗೆ ಹೈದರನ ಕುದುರೆಗಳು. ಪೊಳ್ಳಿಲೂರಿನ ಚಿತ್ರವೇ, ಇನ್ನೂ ದೊಡ್ಡ ಗೋಡೆ ಮೇಲೆ.

ಇದು ಬರೀ ಊಹೆ ಅನ್ನಬೇಡಿ. ಎರಡು ವರ್ಷ ಆದ ಮೇಲೆ ಅದೇ ಕಡಲೂರಿನಲ್ಲಿ ಹೆಚ್ಚುಕಡಿಮೆ ಹೀಗೇ ನಡೆಯಿತು. 1783ರಲ್ಲಿ ಊರೊಳಗೆ ಫ್ರೆಂಚರ ಬುಸ್ಸಿ, ಹೊರಗೆ ಬ್ರಿಟಿಷರ ಸ್ಟುವರ್ಟ್. ಸ್ಟುವರ್ಟ್‌ಗೆ ಅನ್ನ ಬರುತ್ತಿದ್ದುದೂ ಹಡಗಿನಿಂದಲೇ. ಅಷ್ಟು ಹೊತ್ತಿಗೆ ದೋರ್ವ್ ಸತ್ತು ಸಫ್ರೆನ್ ಬಂದಿದ್ದ. ದಪ್ಪ ಹೊಟ್ಟೆಯ, ಬಿರುಸು ಬಾಯಿಯ, ಭಂಡ ಧೈರ್ಯದ ಮನುಷ್ಯ. ಬಂದರಿಲ್ಲದ ಕರಾವಳಿಯಲ್ಲೇ ಹಡಗು ರಿಪೇರಿ ಮಾಡಿಕೊಂಡ. ಸಿಂಹಳದ ಟ್ರಿಂಕೋಮಲಿ ಬಂದರು ಹಿಡಿದ. ಮಳೆಗಾಲಕ್ಕೆ ಮಾರಿಷಸ್‌ಗೆ ಹೋಗದೆ ಸುಮಾತ್ರದ ಉತ್ತರ ತುದಿಯಲ್ಲಿ ಕಳೆದ. ಜೂನ್ 20ರಂದು 15 ಹಡಗು ಇಟ್ಟುಕೊಂಡು ಹ್ಯೂಸ್‌ನ 18 ಹಡಗಿನ ಮೇಲೆ ಬಿದ್ದ. ನಾವಿಕರು ಸಾಲದೆ ಬುಸ್ಸಿಯ ಸೈನಿಕರನ್ನೇ 1200 ಜನ ಸಾಲ ತಂದಿದ್ದ. ಹ್ಯೂಸ್‌ನ ಜನ ಕಾಯಿಲೆ ಬಿದ್ದಿದ್ದರು, ಕುಡಿಯುವ ನೀರಿಗೆ ತತ್ವಾರ. ಅವನು ಮದರಾಸಿಗೆ ಹೋದ. ಸ್ಟುವರ್ಟ್ ದಡದಲ್ಲಿ ಒಂಟಿಯಾದ. ಇನ್ನೇನು ಅನ್ನುವಷ್ಟರಲ್ಲಿ ಯುರೋಪಿನಲ್ಲಿ ಸಂಧಿ ಆಗಿದೆ ಅನ್ನುವ ಸುದ್ದಿ ಬಂತು. ಜನವರಿಯಲ್ಲಿ ಆದ ಸಂಧಿ, ಜೂನ್ ಕೊನೆಗೆ ಬಂದ ಸುದ್ದಿ!

ಹಾಗಾದರೆ 1781ರಲ್ಲಿ ಕೂಟ್ ಮುಳುಗಿದ್ದರೆ ಬ್ರಿಟಿಷರು ಭಾರತ ಬಿಟ್ಟು ಓಡುತ್ತಿದ್ದರಾ? ಇಲ್ಲ ಅನ್ನಿಸುತ್ತದೆ ನನಗೆ. ಬಂಗಾಳದ ಖಜಾನೆ ಇತ್ತು. ವಾರನ್ ಹೇಸ್ಟಿಂಗ್ಸ್ ಒರಿಸ್ಸಾ ದಾರಿಯಲ್ಲಿ ಇನ್ನೊಂದು ಸೈನ್ಯವನ್ನು ಆಗಲೇ ಕಳಿಸಿದ್ದ. ಮದರಾಸಿನ ಕೋಟೆ ಮುರಿಯುವುದು ಹೈದರನಿಗೂ ಸುಲಭ ಇರಲಿಲ್ಲ. ಆದರೆ ಕೋಟೆಯ ಹೊರಗೆ ಬ್ರಿಟಿಷರದ್ದು ಅನ್ನುವ ಒಂದು ಗದ್ದೆಯೂ ಉಳಿಯುತ್ತಿರಲಿಲ್ಲ. ಸಂಧಿಯ ಮಾತು 1784ರಲ್ಲಿ ಮಂಗಳೂರಿನಲ್ಲಿ ಟಿಪ್ಪು ಜೊತೆ ಆಗುವ ಬದಲು, ಮೂರು ವರ್ಷ ಮೊದಲೇ ಮದರಾಸಿನ ಬಾಗಿಲಲ್ಲಿ ಹೈದರ್ ಜೊತೆ ಆಗುತ್ತಿತ್ತು. ತಾನು ಗೆದ್ದಲ್ಲೇ ಷರತ್ತು ಹಾಕುವ ಹೈದರ್ ಕಡಿಮೆಗೆ ಬಿಡುವ ಆಸಾಮಿ ಅಲ್ಲ.

ನಡೆದದ್ದು ಬೇರೆ. ದೋರ್ವ್ ಹೋದ, ಅಕ್ಕಿ ಬಂತು, ಕೂಟ್ ಸುಧಾರಿಸಿಕೊಂಡ. ಜೂನ್‌ನಲ್ಲಿ ಚಿದಂಬರದ ಕೋಟೆಗುಡಿ ಮೇಲೆ ಬಿದ್ದು ಪೆಟ್ಟು ತಿಂದ. ಆಗ ಹೈದರ್ ಎರಡೂವರೆ ದಿನದಲ್ಲಿ 160 ಕಿಲೋಮೀಟರ್ ದಾಟಿ ಅಲ್ಲಿಗೆ ಬಂದ ಅಂತ ಮೈಸೂರಿನ ಗೆಜೆಟಿಯರ್ ಹೇಳುತ್ತದೆ. ತೋಪುಗಳ ಸಮೇತ! ಎಳೆದದ್ದು ನಮ್ಮ ಹಳ್ಳಿಕಾರ್ ಎತ್ತುಗಳು. ಚಿಕ್ಕದೇವರಾಜ ಒಡೆಯರ ಕಾಲದಿಂದ ಬೆಣ್ಣೆ ಚಾವಡಿ ಅಂತ ಸಾಕಿದ ತಳಿ, ಟಿಪ್ಪು ಆಮೇಲೆ ಅಮೃತ ಮಹಲ್ ಅಂತ ಹೆಸರಿಟ್ಟದ್ದು. ಜುಲೈ 1ರಂದು ಪರಂಗಿಪೇಟೆಯಲ್ಲಿ ಹೈದರ್ ಸೋತ. ಸೋತರೂ ತನ್ನ ತೋಪುಗಳನ್ನು ಎಳೆದುಕೊಂಡೇ ಹೋದ. ಬೆನ್ನಟ್ಟಲು ಕೂಟ್ ಹತ್ತಿರ ಅಂಥ ಎತ್ತು ಇರಲಿಲ್ಲ.

ನೆಲದ ಮೇಲೆ ಅವರನ್ನು ಬರಿಗೈ ಮಾಡಬಲ್ಲೆ, ಸಮುದ್ರವನ್ನು ಬತ್ತಿಸಲಾರೆ ಅಂತ ಹೈದರ್ ಪೂರ್ಣಯ್ಯನಿಗೆ ಹೇಳಿದ ಎನ್ನುತ್ತಾರೆ. 1782ರ ಡಿಸೆಂಬರ್‌ನಲ್ಲಿ ಚಿತ್ತೂರಿನ ಹತ್ತಿರ ಅವನು ತೀರಿಕೊಂಡ. 1796ರಲ್ಲಿ ಟಿಪ್ಪು ಸುಮಾರು 40 ಯುದ್ಧನೌಕೆಗಳನ್ನು ಕಟ್ಟಲು ಹುಕುಂ ಕೊಟ್ಟ. ಅವನಿಗೆ ಉಳಿದಿದ್ದು ಮೂರೇ ವರ್ಷ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಮೃತ ಮಹಲ್ ದನಗಳು ಬ್ರಿಟಿಷರ ಕೈಸೇರಿದವು. ಹಡಗು ಅವರ ಹತ್ತಿರ ಮೊದಲೇ ಇತ್ತು.

ನಮಸ್ಕಾರ.