ಲಸಿಕೆ ಕೊಟ್ಟ ಮೇಲೆ ದನ ಸತ್ತರೆ ಹೊಣೆ ಯಾರದು?

ಕೇಳುಗರೆಲ್ಲರಿಗೂ ನಮಸ್ಕಾರ.

ಕಾರ್ಕಳದಲ್ಲಾಗಲಿ ಬೆಳ್ತಂಗಡಿಯಲ್ಲಾಗಲಿ, ಕಾಲುಬಾಯಿ ಜ್ವರದ ಲಸಿಕೆ ಹಾಕಿಸಿದ ದಿನವೇ ಹಟ್ಟಿಯಲ್ಲಿ ದನ ಬಿದ್ದರೆ ಮೊದಲು ಬರುವ ಮಾತು, ‘ಡಾಕ್ಟ್ರು ಚುಚ್ಚಿದ್ದರಿಂದಲೇ ಹೋಯ್ತು.’ ಕರೆಯುವ ದನ ಹೋದ ಮನೆಯವರ ಸಂಕಟ ಸಣ್ಣದಲ್ಲ. ಆದರೆ ದನ ಸತ್ತಿತು ಎಂಬುದೊಂದೇ ನಿರ್ಲಕ್ಷ್ಯಕ್ಕೆ ಸಾಕ್ಷಿಯಾಗುವುದಿಲ್ಲ. ಕೆಲಸ ಬಲ್ಲ ಪಶುವೈದ್ಯರು ಸಾಮಾನ್ಯವಾಗಿ ವಹಿಸುವ ಎಚ್ಚರ ಇಲ್ಲಿ ತಪ್ಪಿತೇ ಎಂದು ನ್ಯಾಯಾಲಯ ನೋಡುತ್ತದೆ.

ಯಾವ ಲಸಿಕೆಯೂ ಅಪರೂಪಕ್ಕೊಂದು ಪ್ರಾಣಿಗೆ ಒಗ್ಗದೆ ಹೋಗಬಹುದು. ನಿಮಿಷಗಳಲ್ಲೇ ಜೊಲ್ಲು, ನಡುಕ, ಏದುಸಿರು. ಅದು ವೈದ್ಯರ ತಪ್ಪಲ್ಲ. ಆಗ ಬೇಕಾದ ತುರ್ತು ಔಷಧಿ ಅಡ್ರಿನಲಿನ್ ಚೀಲದಲ್ಲಿ ಇಲ್ಲದಿದ್ದರೆ ಮಾತ್ರ ಉತ್ತರ ಹೇಳುವುದು ಕಷ್ಟ. ಮನೆಮನೆಗೆ ಹೋಗುವಾಗ ಎಲ್ಲ ಕಡೆ ಅರ್ಧ ಗಂಟೆ ನಿಲ್ಲಲಾಗದು. ಏನನ್ನು ಗಮನಿಸಬೇಕು ಎಂದು ಮನೆಯವರಿಗೆ ಹೇಳಿ, ಫೋನ್ ನಂಬರು ಕೊಟ್ಟು ಹೊರಡಬೇಕು.

ಇನ್ನು ಲಸಿಕೆಯ ತಂಪು. 2ರಿಂದ 8 ಡಿಗ್ರಿ ಸೆಲ್ಸಿಯಸ್. ಮಳೆಗಾಲದಲ್ಲಿ ಕರೆಂಟು ಹೋಗಿ ಲಸಿಕೆ ಬಿಸಿಯಾದೀತೆಂಬ ಭಯ ನಮ್ಮಲ್ಲಿ ಎಲ್ಲರಿಗೂ ಇದೆ, ಹೆಪ್ಪುಗಟ್ಟೀತೆಂಬ ಭಯ ಇಲ್ಲ. ಬಾಟಲಿ ನೇರ ಐಸಿಗೆ ತಾಗಿ ಹೆಪ್ಪುಗಟ್ಟಿದರೆ ಎಣ್ಣೆ ಬೆರೆಸಿದ ಲಸಿಕೆ ಒಡೆದು ಪದರವಾಗುತ್ತದೆ, ಕುಲುಕಿದರೂ ಮೊದಲಿನಂತಾಗದು. ಕಂಡೂ ಅದನ್ನೇ ಚುಚ್ಚಿದರೆ ಹೊಣೆ ಚುಚ್ಚಿದವರದು. ತಯಾರಿಕೆಯಲ್ಲೇ ದೋಷವಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಕಂಪನಿಯನ್ನೇ ಕೇಳಬಹುದು.

ವೈದ್ಯರನ್ನು ಕಾಯುವುದು ಬರವಣಿಗೆ. ದನದ ಕಿವಿಗೆ ಹಾಕಿದ ಗುರುತಿನ ಓಲೆಯ 12 ಅಂಕಿ, ಲಸಿಕೆಯ ಹೆಸರು, ಬ್ಯಾಚ್ ನಂಬರು, ಅವಧಿ, ಎಷ್ಟು ಮಿಲಿಲೀಟರ್, ಗಬ್ಬ ಎಷ್ಟು ತಿಂಗಳು, ಜ್ವರ ಇತ್ತೇ. ‘ಕೇಳಿದ್ದೆ’ ಎಂದು ಆಮೇಲೆ ಹೇಳಿದರೆ ತೂಕವಿಲ್ಲ, ಅಂದೇ ಬರೆದಿರಬೇಕು. ಮನೆಯವರೂ ಗಬ್ಬದ ವಿಷಯ ಮುಚ್ಚಿಡಬಾರದು. ಪ್ರತಿ ದನಕ್ಕೂ ಬೇರೆ ಸೂಜಿ ಕೇಳಿ; ಒಂದೇ ಸೂಜಿಯಿಂದ ರಕ್ತದ ರೋಗಗಳು ದಾಟುತ್ತವೆ.

ದನ ಸತ್ತರೆ ಹೂಳುವ ಅವಸರ ಬೇಡ. ನಮ್ಮ ಸೆಕೆಗೆ ಹೆಣ ಬೇಗ ಕೆಡುವುದರಿಂದ ಅಂದೇ ಮರಣೋತ್ತರ ಪರೀಕ್ಷೆ ಮಾಡಿಸಿ. ವರದಿ ಇಲ್ಲದೆ ಲಸಿಕೆಯ ಮೇಲೆ ಹೊರಿಸಿದ ದೂರು ನಿಲ್ಲುವುದು ಕಷ್ಟ. ಅದೇ ಬ್ಯಾಚಿನ ಬಾಟಲಿಯನ್ನು ತಂಪಿನಲ್ಲೇ ತೆಗೆದಿಡಲು ವೈದ್ಯರಿಗೆ ಹೇಳಿ.

ಫೀಸು ಕೊಟ್ಟು ಹಾಕಿಸಿದ್ದರೆ 2 ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಎಲ್ಲರಿಗೂ ಉಚಿತವಾಗಿ ಹಾಕುವ ಸರಕಾರಿ ಲಸಿಕೆಗೆ ಆ ದಾರಿ ಸಾಮಾನ್ಯವಾಗಿ ಇಲ್ಲ, ಸಿವಿಲ್ ಕೋರ್ಟಿನ ದಾರಿ ಇದೆ. ದೂರು ವೈದ್ಯರ ವೃತ್ತಿನಡತೆಯ ಬಗ್ಗೆಯಾದರೆ ಕರ್ನಾಟಕ ಪಶುವೈದ್ಯಕೀಯ ಪರಿಷತ್ತಿಗೆ ಬರೆಯಿರಿ.