ಕರೇಲಿನ್ ಅವರ ಹಿಡಿತ

ಕೇಳುಗರೆಲ್ಲರಿಗೂ ನಮಸ್ಕಾರ.

ರಷ್ಯಾದ ಕುಸ್ತಿಪಟು ಅಲೆಕ್ಸಾಂಡರ್ ಕರೇಲಿನ್ ಅವರ ಮಾತು ಬಂದಾಗಲೆಲ್ಲ ಜನರು ಮೊದಲು ಕೇಳುವುದು ಎರಡೇ ಪ್ರಶ್ನೆ: ಅವರ ತೂಕವೆಷ್ಟು, ರೆಫ್ರಿಜರೇಟರನ್ನು ಒಬ್ಬರೇ ಹೊತ್ತು ಮಹಡಿ ಹತ್ತಿದ್ದು ನಿಜವೇ? ಅವರು ಸೆಣಸಿದ್ದು 130 ಕಿಲೋ ವಿಭಾಗದಲ್ಲಿ. ಅಲ್ಲಿಗೆ ಬರುವವರೆಲ್ಲ ದೈತ್ಯರೇ ಆದ್ದರಿಂದ ತೂಕದ ಲೆಕ್ಕ ನಮಗೆ ಏನನ್ನೂ ತಿಳಿಸುವುದಿಲ್ಲ. ರೆಫ್ರಿಜರೇಟರಿನ ಕಥೆಯನ್ನು ದಯವಿಟ್ಟು ಇಂದು ಬಿಟ್ಟುಬಿಡೋಣ. ನಾನು ಹೇಳಬೇಕಾದದ್ದು ಅವರ ಎರಡು ಕೈಗಳ ಬಗ್ಗೆ, ಆ ಕೈಗಳ ಹಿಡಿತದ ಬಗ್ಗೆ.

ಕರೇಲಿನ್ ಅವರದು ಗ್ರೀಕೋ-ರೋಮನ್ ಕುಸ್ತಿ. ಅದರಲ್ಲಿ ಎದುರಾಳಿಯನ್ನು ಸೊಂಟದಿಂದ ಕೆಳಗೆ ಹಿಡಿಯುವಂತಿಲ್ಲ, ಕಾಲಿನಿಂದ ಅಡ್ಡಗಾಲು ಹಾಕುವಂತೆಯೂ ಇಲ್ಲ. ಫ್ರೀಸ್ಟೈಲ್‌ನಲ್ಲಾದರೆ ಕಾಲಿಗೆ ಕೈ ಹಾಕಿ ಕೆಡವಬಹುದು. ಇಲ್ಲಿ ಎದೆಗೆ ಎದೆ ಕೊಟ್ಟು, ತೋಳಿನಲ್ಲಿ ತೋಳು ಸೇರಿಸಿ, ಎದುರಾಳಿಯನ್ನು ನೆಲದಿಂದ ಕೀಳಬೇಕು. ಕೈ ಬಿಚ್ಚಿತೆಂದರೆ ಪಟ್ಟು ಮುಗಿಯಿತು.

1967ರಲ್ಲಿ ಸೈಬೀರಿಯಾದ ನೊವೊಸಿಬಿರ್ಸ್ಕ್‌ನಲ್ಲಿ ಹುಟ್ಟಿದ ಕರೇಲಿನ್, ತರಬೇತುದಾರ ವಿಕ್ಟರ್ ಕುಜ್ನೆತ್ಸೊವ್ ಅವರ ಕೈಯಲ್ಲಿ ಪಳಗಿದರು. ಅಷ್ಟು ಭಾರದ ವಿಭಾಗದಲ್ಲಿ ಯಾರೂ ಯೋಚಿಸದಿದ್ದ ಒಂದು ಪಟ್ಟನ್ನು ಅವರು ತಮ್ಮದಾಗಿಸಿಕೊಂಡರು. ಮ್ಯಾಟಿನ ಮೇಲೆ ಬೋರಲಾಗಿ, ಏಳದಂತೆ ಅಂಟಿಕೊಂಡು ಮಲಗಿರುವ ಎದುರಾಳಿಯ ಸೊಂಟವನ್ನು ತಿರುವುಮುರುವಾಗಿ, ಅಂದರೆ ಅವನ ಕಾಲಿನ ಕಡೆಗೆ ಮುಖ ಮಾಡಿ ತಬ್ಬಿಹಿಡಿದು, ಅವನನ್ನು ಮೇಲೆತ್ತಿ, ತಾವು ಹಿಂದಕ್ಕೆ ಬಾಗುತ್ತಾ ಬೀಸಿ ಎಸೆಯುವುದು ಆ ಪಟ್ಟು. ಹಗುರ ಮಲ್ಲರು ಇದನ್ನು ಮಾಡುತ್ತಿದ್ದರು. ಆದರೆ 130 ಕಿಲೋ ತೂಗುವ ದೇಹ ಹೀಗೆ ಗಾಳಿಯಲ್ಲಿ ತಿರುಗುವುದನ್ನು ಜನರು ಕಂಡಿರಲಿಲ್ಲ. ಎಸೆತದ ಭಯಕ್ಕೆ ಕೆಲವು ಎದುರಾಳಿಗಳು ತಾವಾಗಿಯೇ ಮಗ್ಗುಲಾಗಿ ಬೆನ್ನನ್ನು ಮ್ಯಾಟಿಗೆ ಒಪ್ಪಿಸಿ ಸೋಲುತ್ತಿದ್ದರು. ಬೆನ್ನಿನ ಬಲ ಬೇಕು, ತೊಡೆಯ ಬಲ ಬೇಕು, ಒಪ್ಪುತ್ತೇನೆ. ಆದರೆ ಬೆರಳುಗಳ ಬೀಗ ಸಡಿಲವಾದರೆ ಆ ಬಲವೆಲ್ಲ ಎಲ್ಲಿಗೆ ಹೋಗಬೇಕು?

1988ರ ಸೋಲ್ ಒಲಿಂಪಿಕ್ಸ್‌ನ ಫೈನಲ್‌ನಲ್ಲಿ ಬಲ್ಗೇರಿಯಾದ ರಾಂಗೆಲ್ ಗೆರೊವ್‌ಸ್ಕಿ ಎದುರು ಹಿಂದೆ ಬಿದ್ದಿದ್ದ ಕರೇಲಿನ್, ಪಂದ್ಯ ಮುಗಿಯಲು ಕೆಲವೇ ಸೆಕೆಂಡುಗಳಿರುವಾಗ ಇದೇ ಪಟ್ಟಿನಿಂದ ಗೆದ್ದರು. ಆಮೇಲೆ ಬಾರ್ಸಿಲೋನಾ, ಅಟ್ಲಾಂಟಾ, ಒಂಬತ್ತು ವಿಶ್ವ ಚಾಂಪಿಯನ್ ಪಟ್ಟ. ಪಟ್ಟಿ ಓದುತ್ತಾ ಕೂರುವುದಿಲ್ಲ, ಏಕೆಂದರೆ ನಾನು ಹೇಳಲೇಬೇಕಾದ ಪಂದ್ಯ ಇನ್ನೊಂದಿದೆ.

2000ದ ಸೆಪ್ಟೆಂಬರ್ 27, ಸಿಡ್ನಿ. ನಾಲ್ಕನೆಯ ಚಿನ್ನದ ಫೈನಲ್. ಹದಿಮೂರು ವರ್ಷಗಳಿಂದ ಅಂತರರಾಷ್ಟ್ರೀಯ ಅಖಾಡದಲ್ಲಿ ಕರೇಲಿನ್ ಸೋತಿರಲಿಲ್ಲ. ಚಿನ್ನದ ಪದಕ ಕೊಡಲೆಂದು ಒಲಿಂಪಿಕ್ ಸಮಿತಿಯ ಅಧ್ಯಕ್ಷ ಸಮರಾಂಚ್ ಅವರೇ ಬಂದು ಕುಳಿತಿದ್ದರು. ಎದುರಿಗಿದ್ದದ್ದು ಅಮೆರಿಕದ ವಯೋಮಿಂಗ್‌ನ ಹೈನುಗಾರರ ಮಗ ರುಲನ್ ಗಾರ್ಡ್ನರ್. 1997ರಲ್ಲಿ ಇದೇ ಕರೇಲಿನ್ ಅವರಿಂದ ಎಸೆಸಿಕೊಂಡು 5-0ಯಿಂದ ಸೋತಿದ್ದವರು. ಮೊದಲ ಅವಧಿಯಲ್ಲಿ ಗಾರ್ಡ್ನರ್ ಕೆಳಗೆ ಮಲಗಿದಾಗ ಕರೇಲಿನ್ ಆ ಪಟ್ಟನ್ನು ಹಿಡಿಯಲು ನೋಡಿದರು. ಎತ್ತಲಾಗಲಿಲ್ಲ. ಗಾರ್ಡ್ನರ್ ಸರಿದು ಸರಿದು ಆ ಕೈಗಳಿಗೆ ಸೊಂಟ ಸಿಗದಂತೆ ನೋಡಿಕೊಂಡರು. ಮೂರು ನಿಮಿಷ ಕಳೆದರೂ ಇಬ್ಬರಿಗೂ ಅಂಕವಿಲ್ಲ.

ಆಗ ಹೊಸತಾಗಿದ್ದ ನಿಯಮದ ಪ್ರಕಾರ, ಅಂಕವಿಲ್ಲದಿದ್ದರೆ ಎರಡನೆಯ ಅವಧಿಯನ್ನು ಇಬ್ಬರೂ ಎದೆಗೆ ಎದೆ ತಾಗಿಸಿ, ಪರಸ್ಪರ ತಬ್ಬಿಕೊಂಡು, ಬೆನ್ನ ಹಿಂದೆ ಕೈ ಬೆಸೆದು ಆರಂಭಿಸಬೇಕಿತ್ತು. ಎತ್ತಿ ಎಸೆಯುವ ಮೊದಲೇ ಯಾರ ಕೈ ಬಿಚ್ಚುತ್ತದೋ ಅವರ ಎದುರಾಳಿಗೆ ಒಂದು ಅಂಕ. ಕೇಳುಗರೇ, ಗಮನಿಸಿ: ಜಗತ್ತಿನಲ್ಲೇ ಅತ್ಯಂತ ಗಟ್ಟಿ ಹಿಡಿತದ ಮನುಷ್ಯನಿಗೆ ಹಿಡಿತದ್ದೇ ಪರೀಕ್ಷೆ! ಇಬ್ಬರೂ ಒಬ್ಬರನ್ನೊಬ್ಬರು ತಳ್ಳುತ್ತಾ, ಎಳೆಯುತ್ತಾ ಮ್ಯಾಟಿನ ಮೇಲೆ ಸುತ್ತಿದರು. ಆ ಜಗ್ಗಾಟದಲ್ಲಿ ಕರೇಲಿನ್ ಅವರ ಬೆರಳುಗಳು ಕ್ಷಣಮಾತ್ರ ಬೇರ್ಪಟ್ಟವು. ನೋಡುತ್ತಿದ್ದವರಲ್ಲಿ ಹೆಚ್ಚಿನವರಿಗೆ ಅದು ಕಾಣಲೇ ಇಲ್ಲ. ತೀರ್ಪುಗಾರರು ವಿಡಿಯೋ ನೋಡಿ ಅಂಕ ಗಾರ್ಡ್ನರ್ ಅವರಿಗೆಂದರು.

ನಿಗದಿತ ಸಮಯದಲ್ಲಿ ಗೆಲ್ಲಲು ಬೇಕಿದ್ದ ಮೂರು ಅಂಕ ಯಾರಿಗೂ ಆಗದಿದ್ದರಿಂದ ಪಂದ್ಯ ಹೆಚ್ಚುವರಿ ಅವಧಿಗೆ ಹೋಯಿತು. ಮೂವತ್ಮೂರರ ಕರೇಲಿನ್ ನುಗ್ಗಿದರು, ಏದುಸಿರು ಬಿಟ್ಟರು, ಗಾರ್ಡ್ನರ್ ಜಗ್ಗಲಿಲ್ಲ. ಇನ್ನು ಕೆಲವೇ ಸೆಕೆಂಡುಗಳಿವೆ ಎನ್ನುವಾಗ ಕರೇಲಿನ್ ಸುಮ್ಮನೆ ನಿಂತು ಕೈಗಳನ್ನು ಕೆಳಗಿಳಿಸಿಬಿಟ್ಟರು. ನನಗೆ ಆ ದೃಶ್ಯ ಇಂದಿಗೂ ಮರೆಯದು. ಕೆಲವರು ನಿಯಮವನ್ನು ಹಳಿಯುತ್ತಾರೆ. ನಾನು ಹಳಿಯುವುದಿಲ್ಲ, ನಿಯಮ ಇಬ್ಬರಿಗೂ ಒಂದೇ ಆಗಿತ್ತು, ಕೈ ಬಿಚ್ಚಿದ್ದು ಒಬ್ಬರದು.

ಸಮಯ ಮುಗಿಯುತ್ತಿದೆಯೆಂದು ಗಾಜಿನಾಚೆಯಿಂದ ಸನ್ನೆ ಬರುತ್ತಿದೆ. ಅಟ್ಲಾಂಟಾಕ್ಕೆ ಮುನ್ನ ಎದೆಯ ಸ್ನಾಯು ಹರಿದು ಶಸ್ತ್ರಚಿಕಿತ್ಸೆಯಾಗಿದ್ದರೂ ಗೆದ್ದ ಕಥೆಯನ್ನೂ, ಸಂಸತ್ತಿನ ಸದಸ್ಯರಾದ ಸಂಗತಿಯನ್ನೂ ವಿವರಿಸಲು ಇನ್ನು ಸಾಧ್ಯವಿಲ್ಲ. ಇಷ್ಟು ಮಾತ್ರ ಹೇಳಿಬಿಡುತ್ತೇನೆ: ಅವರ ಹೆಸರಿನಲ್ಲಿ ಎಣಿಸುವುದು 887 ಗೆಲುವು, ಎರಡೇ ಸೋಲು. 1987ರ ಸೋವಿಯತ್ ಚಾಂಪಿಯನ್‌ಷಿಪ್‌ನಲ್ಲಿ ಇಗೊರ್ ರೊಸ್ಟೊರೊಟ್‌ಸ್ಕಿ ಎದುರು ಸೋತದ್ದೂ ಒಂದೇ ಅಂಕದಿಂದ, ಸಿಡ್ನಿಯಲ್ಲಿ ಸೋತದ್ದೂ ಒಂದೇ ಅಂಕದಿಂದ.

ನಮಸ್ಕಾರ.