ಈಮೇಲ್‌ಗೆ ಕಟ್ಟುಕಾವಲು, ಲಿಂಕಿಗೆ ಸಲಾಮು

ಹೋದ ತಿಂಗಳು ಒಂದು ಫಾರ್ಮ್ ತುಂಬ್ತಾ ಕೂತಿದ್ದೆ. ಯಾವ ಕಂಪನಿದು ಅನ್ನೋದು ಬೇಡ ಬಿಡಿ. ಈಮೇಲ್ ಕೇಳಿದ ಜಾಗದಲ್ಲಿ ನನ್ನ ಹೆಸರು, ಪಕ್ಕಕ್ಕೆ ಒಂದು ಪ್ಲಸ್ ಚಿಹ್ನೆ, ಆಮೇಲೆ ಆ ಕಂಪನಿ ಹೆಸರು, ಕೊನೇಲಿ ಅಟ್ ಜಿಮೇಲ್ ಡಾಟ್ ಕಾಮ್ ಅಂತ ಹಾಕಿದೆ. ನಾನು ಎಲ್ಲ ಕಡೆ ಹೀಗೇ ಕೊಡೋದು. ಪ್ಲಸ್ ಆದ ಮೇಲೆ ಏನು ಬರೆದ್ರೂ ಜಿಮೇಲ್ ಅದನ್ನ ನನ್ನ ಡಬ್ಬಿಗೇ ತಂದು ಹಾಕತ್ತೆ. ನಾಳೆ ಯಾರೋ ಗುರುತಿಲ್ಲದವರು 'ಸಾಲ ಬೇಕಾ ಸಾರ್' ಅಂತ ಬರೆದ್ರೆ, ನನ್ನ ವಿಳಾಸ ಮಾರಿದ್ಯಾರು ಅನ್ನೋದು ವಿಳಾಸದಲ್ಲೇ ಇರತ್ತೆ. ಆದ್ರೆ ಈ ಫಾರ್ಮ್ ಒಪ್ಪಲಿಲ್ಲ. ಕೆಂಪಕ್ಷರ ಬಂತು: 'ದಯವಿಟ್ಟು ಸರಿಯಾದ ಈಮೇಲ್ ವಿಳಾಸ ನಮೂದಿಸಿ.'

ಸರಿ, ಪ್ಲಸ್ ತೆಗೆದೆ. ಎರಡು ಸಾಲು ಕೆಳಗೆ 'ನಿಮ್ಮ ವೆಬ್‌ಸೈಟ್' ಅಂತ ಇನ್ನೊಂದು ಡಬ್ಬಿ ಇತ್ತು. ಸಿಟ್ಟಿಗೆ ಅಲ್ಲಿ ಎಚ್‌ಟಿಟಿಪಿ ಬದಲು 'ಜಾವಾಸ್ಕ್ರಿಪ್ಟ್' ಅಂತ ಬರೆದು, ಕೋಲನ್ ಇಟ್ಟು, 'ನಮಸ್ಕಾರ' ಅನ್ನೋ ಪುಟ್ಟ ಅಲರ್ಟ್ ಕೋಡ್ ಹಾಕಿದೆ. ಚಕಾರ ಎತ್ತದೆ ತಗೊಂಡ್ತು. ನನ್ನ ಪ್ರೊಫೈಲ್ ಪುಟದಲ್ಲಿ ನೀಲಿ ಲಿಂಕ್ ಆಗಿ ಬಂದು ಕೂತ್ಕೊಂಡ್ತು. ಒತ್ತಿದೆ. 'ನಮಸ್ಕಾರ' ಅಂತು. ನನ್ನ ಜಾಗದಲ್ಲಿ ಕಳ್ಳ ಇದ್ದಿದ್ರೆ, ಆ ಲಿಂಕ್ ಒತ್ತಿದವರ ಲಾಗಿನ್ನೇ ಅವನ ಕೈಗೆ ಹೋಗ್ತಿತ್ತು.

ಇವತ್ತು ನನ್ನ ತಕರಾರು ಇಷ್ಟೇ. ನಾವು ಡೆವಲಪರ್‌ಗಳು ಕಾವಲನ್ನ ತಪ್ಪು ಬಾಗಿಲಲ್ಲಿ ನಿಲ್ಲಿಸಿದ್ದೀವಿ. ಈಮೇಲ್ ವಿಷಯದಲ್ಲಿ ಸಡಿಲ ಇರಬೇಕು, ಯುಆರ್‌ಎಲ್ (ವೆಬ್ ವಿಳಾಸ) ವಿಷಯದಲ್ಲಿ ಬಿಗಿ ಇರಬೇಕು. ಮಾಡ್ತಿರೋದು ತಿರುಗುಮುರುಗ.

ಮೊದಲು ಈಮೇಲ್. ವಿಳಾಸ ಹೇಗಿರಬೇಕು ಅನ್ನೋ ನಿಯಮ 1982ರಲ್ಲೇ ಆರ್‌ಎಫ್‌ಸಿ (ಇಂಟರ್ನೆಟ್ಟಿನ ನಿಯಮ ಬರೆದಿಡೋ ದಾಖಲೆ) 822 ಅಂತ ಬಂತು, 2008ರಲ್ಲಿ 5322 ಆಗಿ ಪರಿಷ್ಕಾರ ಆಯ್ತು. ಅದರ ಪ್ರಕಾರ ಪ್ಲಸ್ ಸರಿ. ಐರಿಷ್ ಹೆಸರುಗಳಲ್ಲಿ ಬರೋ ಅಪಾಸ್ಟ್ರಫಿ ಸರಿ. ಉದ್ಧರಣ ಚಿಹ್ನೆಯೊಳಗೆ ಇಟ್ರೆ ಖಾಲಿ ಜಾಗಾನೂ ಸರಿ. ಆವರಣದಲ್ಲಿ ಕಾಮೆಂಟ್ ಬರೆದ್ರೂ ಸರಿಯೇ! ಇದನ್ನೆಲ್ಲ ಒಂದೇ ರೆಜೆಕ್ಸ್‌ನಲ್ಲಿ (ಬರೆದದ್ದರ ಆಕಾರ ಸರಿಯಿದೆಯಾ ಅಂತ ನೋಡೋ ಸಂಕೇತದ ಸಾಲು) ಹಿಡಿದು ಹಾಕ್ತೀನಿ ಅಂತ ಪರ್ಲ್ ಭಾಷೆಯಲ್ಲಿ ಒಬ್ಬರು ಹೊರಟ್ರು. ಅದು ಆರು ಸಾವಿರ ಅಕ್ಷರ ದಾಟಿತು. ಸ್ಕ್ರೀನ್ ಮೇಲೆ ನೋಡಿದ್ರೆ ಇರುವೆ ಸಾಲು. ಅಷ್ಟಾದ್ರೂ ಆ ಕಾಮೆಂಟುಗಳನ್ನ ಮೊದಲೇ ಕಿತ್ತು ಕೊಡಬೇಕು, ಇಲ್ಲಾಂದ್ರೆ ಅದಕ್ಕೆ ಅರಗಲ್ಲ.

ನಮ್ಮ ಪ್ರಾಜೆಕ್ಟುಗಳಲ್ಲಿ ಇರೋದು ಅಷ್ಟು ದೊಡ್ಡದೇನಲ್ಲ. ಯಾವತ್ತೋ ಯಾರೋ ಎಲ್ಲಿಂದಲೋ ಎತ್ತಿ ಅಂಟಿಸಿದ ಒಂದು ಸಾಲು, ಅಷ್ಟೇ. ಕೊನೇ ಚುಕ್ಕಿ ಆದ್ಮೇಲೆ ಎರಡರಿಂದ ನಾಲ್ಕು ಅಕ್ಷರ ಇರಬೇಕು ಅಂತ ಅದರಲ್ಲಿ ಬರೆದಿರತ್ತೆ. ಡಾಟ್ ಮ್ಯೂಸಿಯಂ ಬಂದಿದ್ದು 2001ರಲ್ಲಿ. 2013ರ ಕೊನೆಯಿಂದ ಹೊಸ ಕೊನೆಪದಗಳು ನೂರಾರು ಬಂದ್ವು, ಡಾಟ್ ಫೋಟೋಗ್ರಫಿ ಅನ್ನೋದಕ್ಕೇ ಇಂಗ್ಲಿಷಿನಲ್ಲಿ 11 ಅಕ್ಷರ. ಆ ಸಾಲು ಮಾತ್ರ ಅಲ್ಲೇ ಇದೆ. ಮುಟ್ಟೋಕೆ ಎಲ್ಲರಿಗೂ ಹೆದರಿಕೆ.

ಬ್ರೌಸರ್‌ನವರು ಜಾಣರು. ಎಚ್‌ಟಿಎಂಎಲ್‌ನಲ್ಲಿ ಇನ್‌ಪುಟ್ ಟೈಪ್ ಈಮೇಲ್ ಅಂತ ಇದೆಯಲ್ಲ, ಅದರ ನಿಯಮ ಬರೆದವರು 'ನಾವು ಆರ್‌ಎಫ್‌ಸಿ 5322 ಅನ್ನ ಬೇಕಂತಲೇ ಮೀರ್ತಿದ್ದೀವಿ' ಅಂತ ಅಲ್ಲೇ ಒಪ್ಕೊಂಡಿದ್ದಾರೆ. ಅವರದ್ದು ಚಿಕ್ಕ ರೆಜೆಕ್ಸ್, ಪ್ಲಸ್ಸನ್ನ ಒಳಗೆ ಬಿಡತ್ತೆ. ಹಿಂದೆಮುಂದೆ ಸೇರಿಕೊಂಡ ಸ್ಪೇಸ್ ತಾನೇ ಒರೆಸತ್ತೆ. ಫೋನಿನ ಕೀಬೋರ್ಡ್ ಪದ ಸೂಚಿಸಿ, ಕೊನೆಗೊಂದು ಸ್ಪೇಸ್ ತಾನೇ ಸೇರಿಸಿಬಿಡತ್ತೆ ನೋಡಿ, ಅದಕ್ಕೆ ಒಳ್ಳೇ ಮದ್ದು. ನಾನು ಇದನ್ನೇ ಬಳಸಿ ಅನ್ನೋದು. ಆದ್ರೆ ಒಂದು ತಮಾಷೆ ಇದೆ, ಇದು ನಮ್ಮ ದೇಶದ್ದೇ ತಮಾಷೆ. ಅಟ್ ಆದ ಮೇಲೆ ಚುಕ್ಕಿ ಇರಲೇಬೇಕು ಅಂತ ಆ ನಿಯಮ ಹೇಳಲ್ಲ. ಹಾಗಾಗಿ ಯಾರಾದ್ರೂ ಯುಪಿಐ ಐಡಿ ಹಾಕಿದ್ರೆ, ಹೆಸರು ಅಟ್ ಬ್ಯಾಂಕ್ ಅಂತ, ಬ್ರೌಸರ್ ತಲೆಯಾಡಿಸಿ ಒಳಗೆ ಬಿಡತ್ತೆ. ಈಮೇಲ್ ಕೇಳಿದಾಗ ಯುಪಿಐ ಐಡಿ ಹೇಳೋವ್ರು ನಮ್ಮ ಮನೇಲೇ ಇದ್ದಾರೆ. ಎರಡರ ನಡುವೆಯೂ ಅದೇ ಸುರುಳಿ (@) ಇದೆ, ಅವರ ತಪ್ಪೇನು?

ಇನ್ನು ಜಿಮೇಲ್ ಡಾಟ್ ಕಾಮ್ ಬದಲು ಡಾಟ್ ಕಾನ್ ಅಂತ ಒತ್ತಿದ್ರೆ? ಆರು ಸಾವಿರ ಅಕ್ಷರದ ಆ ಮಹಾರೆಜೆಕ್ಸ್ ಕೂಡ 'ಸರಿ' ಅನ್ನತ್ತೆ. ಯಾಕಂದ್ರೆ ಅದು ನೋಡೋದು ಆಕಾರ ಮಾತ್ರ. ಆ ವಿಳಾಸದಲ್ಲಿ ಮನುಷ್ಯರು ಇದ್ದಾರಾ, ಇದ್ರೂ ಫಾರ್ಮ್ ತುಂಬಿದವರೇನಾ ಅನ್ನೋದು ಆಕಾರದಿಂದ ಗೊತ್ತಾಗಲ್ಲ. ನನ್ನ ಹೆಸರು, ನನ್ನದೇ ಇನಿಷಿಯಲ್ ಇರೋ ಪುಣ್ಯಾತ್ಮರೊಬ್ಬರು ಎಲ್ಲೋ ಇದ್ದಾರೆ. ಅವರ ಮಗಳ ಶಾಲೆ ಫೀಸಿನ ರಸೀದಿ ನನಗೆ ಬರತ್ತೆ, ಕಾರಿನ ಸಾಲದ ಕಂತು ನನಗೆ ಬರತ್ತೆ. ಅವರ ಕಂತು ಯಾವ ತಾರೀಕಿಗೆ ಅನ್ನೋದು ನನಗೆ ಬಾಯಿಪಾಠ. ಅಷ್ಟೂ ಕಡೆ ವಿಳಾಸದ ಆಕಾರ ಸರಿ ಇತ್ತು. ಒಂದೇ ಒಂದು ಪತ್ರ ಕಳಿಸಿ 'ಇದನ್ನ ಒತ್ತಿ ಖಚಿತಪಡಿಸಿ' ಅಂತ ಕೇಳಿದ್ರೆ ಮುಗೀತಿತ್ತು. ಈಮೇಲ್ ನಿಜವೋ ಸುಳ್ಳೋ ಅಂತ ತಿಳಿಯೋ ದಾರಿ ಅದೊಂದೇ. ಅದಕ್ಕಿಂತ ಮುಂಚೆ ಒಂದು ಅಟ್ ಇದೆಯಾ, ಅದರ ಆಚೀಚೆ ಏನಾದ್ರೂ ಇದೆಯಾ, ಒಟ್ಟು 254 ಅಕ್ಷರದೊಳಗಿದೆಯಾ, ಅಷ್ಟು ನೋಡಿ ಸಾಕು.

'ಬಿಗಿ ಮಾಡಿದ್ರೆ ನಷ್ಟ ಏನು' ಅಂತೀರಾ? ಬೇಲಿಯೇ ಎದ್ದು ಹೊಲ ಮೇಯೋದನ್ನ ನೋಡಿದ್ದೀವಿ. 2016ರ ಜುಲೈ 20ರಂದು ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋ 34 ನಿಮಿಷ ಮಲಗಿತು. ಕಾರಣ, ಸಾಲಿನ ಹಿಂದೆಮುಂದಿನ ಖಾಲಿ ಜಾಗ ಒರೆಸೋ ಒಂದು ಪುಟ್ಟ ರೆಜೆಕ್ಸ್. ಒಂದು ಪೋಸ್ಟಿನಲ್ಲಿ ಸಾಲಾಗಿ ಸುಮಾರು 20,000 ಸ್ಪೇಸ್ ಇತ್ತು, ಆದ್ರೆ ಅದರ ಕೊನೇಲಿ ಬೇರೆ ಅಕ್ಷರ ಇತ್ತು. ಮೊದಲ ಸ್ಪೇಸಿನಿಂದ ಹೊರಟು 20,000 ಹೆಜ್ಜೆ, ಸೋತು ಎರಡನೇದರಿಂದ 19,999 ಹೆಜ್ಜೆ, ಆಮೇಲೆ ಮೂರನೇದು. ಕೂಡಿಸಿ ನೋಡಿ, ಸುಮಾರು 20 ಕೋಟಿ ಹೆಜ್ಜೆ ಆಗತ್ತೆ. 2019ರ ಜುಲೈ 2ರಂದು, ಬೇರೆಯವರ ವೆಬ್‌ಸೈಟುಗಳನ್ನ ಕಾಯೋ ಕಂಪನಿ ಕ್ಲೌಡ್‌ಫ್ಲೇರ್ 27 ನಿಮಿಷ ಕೈಕೊಟ್ಟಿದ್ದೂ ಫೈರ್‌ವಾಲಿಗೆ (ಕೆಟ್ಟ ಕೋರಿಕೆಗಳನ್ನ ತಡೆಯೋ ಗೋಡೆ) ಬರೆದ ಒಂದು ರೆಜೆಕ್ಸ್‌ನಿಂದಲೇ. ಆಗ ಅರ್ಧ ಇಂಟರ್ನೆಟ್ ಇಲ್ಲದ ಹಾಗಾಗಿತ್ತು.

ಇನ್ನು ನಮ್ಮ ಲಿಪಿ ವಿಷಯ. ಇಲ್ಲಿ ನಂಗೆ ಸ್ವಲ್ಪ ಜಾಸ್ತಿನೇ ಮಾತು ಬರತ್ತೆ, ಸಹಿಸ್ಕೊಳ್ಳಿ. ಡಾಟ್ ಭಾರತ ಅನ್ನೋ ಕೊನೆಪದ ಕನ್ನಡ ಅಕ್ಷರದಲ್ಲೇ ಇದೆ. ಕನ್ನಡದ ಈಮೇಲ್ ವಿಳಾಸಕ್ಕೂ 2012ರಲ್ಲೇ ಆರ್‌ಎಫ್‌ಸಿ 6531 ದಾರಿ ಮಾಡಿಕೊಟ್ಟಿದೆ. ಅದಕ್ಕೆ ಕೆಲವರು ಉದಾರ ಮನಸ್ಸಿನಿಂದ, ರೆಜೆಕ್ಸ್‌ನಲ್ಲಿ ಇಂಗ್ಲಿಷ್ ಅಕ್ಷರದ ಬದಲು 'ಯಾವುದೇ ಭಾಷೆಯ ಅಕ್ಷರ' ಅನ್ನೋ ಯೂನಿಕೋಡ್ (ಎಲ್ಲ ಲಿಪಿಗಳ ಚಿಹ್ನೆಗೂ ಸಂಖ್ಯೆ ಕೊಟ್ಟ ಪಟ್ಟಿ) ವರ್ಗ ಹಾಕ್ತಾರೆ. ಜರ್ಮನ್ನಿಗೆ ಸಾಕು, ಚೀನೀ ಭಾಷೆಗೂ ಸಾಕು. ಕನ್ನಡಕ್ಕೆ ಸಾಲದು! ಯೂನಿಕೋಡಿನಲ್ಲಿ ಅಕ್ಷರದ ವರ್ಗ ಬೇರೆ, ಗುಣಿತದ ಚಿಹ್ನೆಗಳ ವರ್ಗ ಬೇರೆ. ದೀರ್ಘ, ಕೊಂಬು, ಗುಡಿಸು, ಒತ್ತಕ್ಷರ ಮಾಡೋ ವಿರಾಮ, ಸೊನ್ನೆ, ಯಾವುದೂ ಅದರ ಲೆಕ್ಕದಲ್ಲಿ ಅಕ್ಷರ ಅಲ್ಲ. ಹಾಗಾಗಿ ರಮಣ ಪಾಸು, ರಾಮ ಫೇಲು. ಕಮಲ ಒಳಗೆ, ವಿಮಲ ಹೊರಗೆ. ಕೋಡ್ ಬರೆದವರು 'ರಮಣ' ಅಂತ ಟೆಸ್ಟ್ ಮಾಡಿ 'ಕನ್ನಡ ಸಪೋರ್ಟ್ ಇದೆ' ಅಂತ ಟಿಕೆಟ್ ಮುಚ್ಚಿರ್ತಾರೆ.

ಇನ್ನೊಂದಿದೆ. ಅಟ್‌ಗೆ ಮುಂಚಿನ ಭಾಗ 64 ಬೈಟ್ ಮೀರಬಾರದು. ಇಂಗ್ಲಿಷಿಗೆ 64 ಅಂದ್ರೆ ಮೈದಾನ. ಕನ್ನಡದ ಒಂದೊಂದು ಚಿಹ್ನೆಯೂ ಯುಟಿಎಫ್-8ರಲ್ಲಿ (ಯೂನಿಕೋಡನ್ನ ಬೈಟುಗಳಾಗಿ ಬರೆಯೋ ಪದ್ಧತಿ) 3 ಬೈಟ್, ಅಂದ್ರೆ ಹೆಚ್ಚೆಂದ್ರೆ 21 ಚಿಹ್ನೆ. 'ಲಕ್ಷ್ಮೀನರಸಿಂಹಮೂರ್ತಿ' ಅನ್ನೋದರಲ್ಲಿ ಗುಣಿತ, ವಿರಾಮ ಎಲ್ಲ ಸೇರಿ 19, ಅಲ್ಲಿಗೆ 57 ಬೈಟ್. ಹಿಂದೆ 'ಎಚ್' ಅಂತ ಇನಿಷಿಯಲ್ ಇಟ್ಟು ಚುಕ್ಕಿ ಹಾಕಿದ್ರೆ 67. ಮೂರ್ತಿಗಳು ಇನಿಷಿಯಲ್ ಬಿಟ್ಟೇ ಬರಬೇಕು. ಇದು ಮಾತ್ರ ರೆಜೆಕ್ಸ್ ಬರೆದವರ ತಪ್ಪಲ್ಲ, ನಿಯಮದ್ದು.

ಈಗ ಯುಆರ್‌ಎಲ್. ಇಲ್ಲಿ ನಾನು ಪಕ್ಕಾ ಜಿಪುಣ. ಈಮೇಲ್ ತಪ್ಪಾದ್ರೆ ಒಂದು ಪತ್ರ ವಾಪಸ್ ಬರತ್ತೆ. ಯುಆರ್‌ಎಲ್ ಹಾಗಲ್ಲ. ಲಿಂಕಿನ ಚಿತ್ರ ತೋರಿಸೋಕೆ, ವೆಬ್‌ಹುಕ್ (ಏನಾದ್ರೂ ಆದಾಗ ಬೇರೆ ಸೈಟಿಗೆ ಸುದ್ದಿ ಮುಟ್ಟಿಸೋ ವಿಳಾಸ) ಕರೆಯೋಕೆ, ನಿಮ್ಮ ಸರ್ವರೇ ಎದ್ದು ಅಲ್ಲಿಗೆ ಹೋಗತ್ತೆ. ಹೊರಗಿನವರು ಕೊಟ್ಟ ವಿಳಾಸಕ್ಕೆ ಮನೆಯೊಳಗಿನ ಆಳು ಓಡಿದ ಹಾಗೆ. ಆ ವಿಳಾಸ ಮನೆಯೊಳಗಿನ ಬೀರುವಿನದ್ದೇ ಆಗಿದ್ರೆ? ಅಮೆಜಾನ್ ಕ್ಲೌಡಿನಲ್ಲಿ 169.254.169.254 ಅನ್ನೋ ವಿಳಾಸ ಆ ಬೀರು, ಸರ್ವರಿನ ಬೀಗದಕೈ ಅಲ್ಲಿ ಸಿಗತ್ತೆ. 2019ರಲ್ಲಿ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿನ 10 ಕೋಟಿ ಜನರ ಮಾಹಿತಿ ಹೋಗಿದ್ದು ಇಂಥ ದಾರಿಯಲ್ಲೇ. ಅಲ್ಲಿ ದಾರಿ ಬಿಟ್ಟಿದ್ದು ಫಾರ್ಮಿನ ಡಬ್ಬಿ ಅಲ್ಲ, ತಪ್ಪಾಗಿ ಹೊಂದಿಸಿದ್ದ ಫೈರ್‌ವಾಲ್. ಆದ್ರೆ ಹೊರಗಿನವರ ಮಾತು ಕೇಳಿ ಒಳಗಿನ ಆಳು ಬೀರು ತೆಗೆದ ಅನ್ನೋದು ಅದೇ.

'127.0.0.1 (ಸರ್ವರು ತನ್ನನ್ನೇ ಕರೆಯೋ ವಿಳಾಸ) ತಡೀತೀನಿ, ಮುಗೀತು' ಅಂತೀರಾ? 2130706433 ಅಂತ ಒಂದೇ ಸಂಖ್ಯೆ ಬರೆದ್ರೂ ಬಹಳ ಕಡೆ ಅದೇ ಜಾಗಕ್ಕೆ ಹೋಗತ್ತೆ. ಮೊದಲ 127 ಬದಲು 0177 ಅಂತ ಎಂಟರ ಪದ್ಧತಿಯಲ್ಲಿ ಬರೆದ್ರೂ ಹೋಗಬಹುದು. ಬ್ಯಾಂಕಿನ ಹೆಸರು ಬರೆದು, ಅಟ್ ಹಾಕಿ, ಕಳ್ಳನ ಹೆಸರು ಬರೆದ್ರೆ ಬ್ರೌಸರ್ ಹೋಗೋದು ಕಳ್ಳನ ಮನೆಗೆ. ಅದೇ ಸುರುಳಿ ಮತ್ತೆ ನೋಡಿ! 2017ರ ಬ್ಲ್ಯಾಕ್ ಹ್ಯಾಟ್ ಭದ್ರತಾ ಸಮ್ಮೇಳನದಲ್ಲಿ ತೈವಾನಿನ ಭದ್ರತಾ ಸಂಶೋಧಕ ಆರೆಂಜ್ ತ್ಸಾಯ್ ತೋರಿಸಿದ್ದೂ ಇದೇ ಜಾತಿಯದು: ಪರೀಕ್ಷೆ ಮಾಡೋ ಲೈಬ್ರರಿ (ಸಿದ್ಧ ಕೋಡ್) ಒಂದು ಹೋಸ್ಟ್ (ಯಾವ ಸೈಟು ಅನ್ನೋ ಭಾಗ) ಓದತ್ತೆ, ಹೋಗಿ ತರೋ ಲೈಬ್ರರಿ ಇನ್ನೊಂದು ಓದತ್ತೆ. ಅಲ್ಲಿಗೆ ನಿಮ್ಮ ಪರೀಕ್ಷೆ ಗಂಗೆಗೆ.

ಅದಕ್ಕೇ ಯುಆರ್‌ಎಲ್‌ಗೆ ರೆಜೆಕ್ಸ್ ಬರೀಬೇಡಿ. ಪ್ರೋಗ್ರಾಮಿಂಗ್ ಭಾಷೆಯಲ್ಲಿರೋ ಪಾರ್ಸರಿಗೆ (ವಿಳಾಸವನ್ನ ಭಾಗಭಾಗವಾಗಿ ಬಿಡಿಸಿ ಓದೋ ಕೋಡ್) ಕೊಡಿ, ಹೋಗಿ ತರೋದಕ್ಕೂ ಅದೇ ಪಾರ್ಸರ್ ಇರಲಿ. ಎಚ್‌ಟಿಟಿಪಿ, ಎಚ್‌ಟಿಟಿಪಿಎಸ್ ಬಿಟ್ಟು ಬೇರೇನೂ ಒಳಗೆ ಬರಕೂಡದು. ಅಷ್ಟು ಮಾಡಿದ್ರೆ ನನ್ನ 'ನಮಸ್ಕಾರ' ಬಾಗಿಲಲ್ಲೇ ನಿಲ್ತಿತ್ತು. ಸರ್ವರ್ ಹೋಗಬೇಕಾದ ಕಡೆ ಹೆಸರನ್ನ ಐಪಿ (ಅಂಕಿಯ ವಿಳಾಸ) ಮಾಡಿ, ಅದು ಒಳಗಿನ ವಿಳಾಸ ಅಲ್ಲ ಅಂತ ನೋಡಿ, ಆ ಐಪಿಗೇ ಹೋಗಿ. ಇನ್ನೊಮ್ಮೆ ಕೇಳಿದ್ರೆ ಡಿಎನ್‌ಎಸ್ (ಹೆಸರಿಗೆ ಐಪಿ ಹೇಳೋ ವ್ಯವಸ್ಥೆ) ಬೇರೆ ಉತ್ತರ ಕೊಡಬಹುದು. ರಿಡೈರೆಕ್ಟ್ ('ಬೇರೆ ವಿಳಾಸಕ್ಕೆ ಹೋಗು' ಅನ್ನೋ ಉತ್ತರ) ಬಂದ್ರೆ ಮೊದಲಿಂದ ಮತ್ತೆ ಎಲ್ಲ.

ಆ ಕಂಪನಿಗೆ ಎರಡೂ ವಿಷಯ ಬರೆದು ಕಳಿಸಿದೆ, ಬೇಕಂತಲೇ ನನ್ನ ಪ್ಲಸ್ ವಿಳಾಸದಿಂದಲೇ. ಎರಡು ದಿನಕ್ಕೆ ಉತ್ತರ ಬಂತು. ಲಿಂಕಿನ ಬಗ್ಗೆ ಒಂದಕ್ಷರ ಇಲ್ಲ. 'ಸರ್, ನೀವು ಬಳಸ್ತಿರೋ ಈಮೇಲ್ ವಿಳಾಸ ಸರಿಯಿಲ್ಲ' ಅಂತ ಇತ್ತು. ಬಂದಿದ್ದು ಅದೇ ಪ್ಲಸ್ ವಿಳಾಸಕ್ಕೆ.